ಎಂಜಲು ತಾಗಿದ ಸ್ಪೀಕರ್

“ಬಾಯಿ ಕಟ್ಟೋ ಮಾಟದ್ದೈತಿ ಇದು. ರಿಪೇರಿ ಬೇಕಾದ್ರ ಮಾಡ್ಕೊ, ಆದ್ರ ಎಂಜಲ ಮಾತ್ರ ತಾಗಸಬ್ಯಾಡ,” ಎಂದ ಯಡೂರಿನ ಗುಜರಿ ಅಂಗಡಿಯ ದುಂಡೇಶ. ಹರಿದ ಸ್ಪೀಕರನ್ನು ಕೈಗೆ ಕೊಡದೆ ನೆಲಕ್ಕಿಟ್ಟು, ಕಾಲಿನಿಂದ ಮುಂದೆ ತಳ್ಳಿದ.

ಆಸಿಫ ಹೊಟ್ಟೆ ಹಿಡಿದು ನಕ್ಕ. “ತಾಗಿದ್ರ ಕಚ್ಚತೈತೇನೋ?” ಮದುವೆಯಾಗಿ ಹುಬ್ಬಳ್ಳಿಯಿಂದ ನಿಪ್ಪಾಣಿಯ ಮಾವನ ಮನೆಗೆ ಬಂದು ನೆಲೆಸಿದ್ದ ಅವನಿಗೆ ಈ ಕಡೆಯವರ ಭಯಗಳೆಲ್ಲ ಬರೀ ತಮಾಷೆ. ಬುದ್ಧಿ ಇದ್ದವನೇ, ಆದರೆ ಅದನ್ನು ತೋರಿಸುವ ಚಟ ಜಾಸ್ತಿ.

ಮನೆಯಲ್ಲಿ ಹೆಂಡತಿ ಹೀನಾ ಬೀಡಿ ಕಟ್ಟುತ್ತ ಗುನುಗುತ್ತಿದ್ದಳು. ಆ ದನಿಗೆ ಮರುಳಾಗಿಯೇ ಅವನು ಊರು ಬಿಟ್ಟದ್ದು. ತಂಬಾಕಿನ ಘಾಟು ತುಂಬಿದ ಕೋಣೆಯಲ್ಲಿ ಆಸಿಫ ಸ್ಪೀಕರಿನ ತಿರುಪು ಬಿಚ್ಚಿದ. ಒಳಗಿನಿಂದ ಸುಟ್ಟ ಕೂದಲಿನ ವಾಸನೆ ಹೊಡೆಯಿತು. ಕೋನಿನ ಕಪ್ಪು ಕಾಗದ ಒಂದು ಕಡೆ ಸೀಳಿತ್ತು. ಬೀಡಿ ಕಟ್ಟಿನ ಮೇಲೆ ಅಂಟಿಸುವ ಗೋಂದಿನ ಚೀಟಿಯೊಂದನ್ನು ಅವಳತ್ತ ಚಾಚಿದ.

“ನೆಕ್ಕಿ ಕೊಡು.”

“ದುಂಡೇಶಣ್ಣ ಏನರ ಅಂದಾನೇನ್ರಿ?”

“ಎಂಜಲ ಬ್ಯಾಡ ಅಂದಾನ. ಹುಚ್ಚ ಅದಾನ ಅಂವಾ. ನೆಕ್ಕು.”

ಗಂಡನ ಮಾತು ನಂಬಿ ಹೀನಾ ನೆಕ್ಕಿದಳು. ಅವನು ತೇಪೆ ಹಚ್ಚಿ ಒತ್ತಿದ. ಅಷ್ಟರಲ್ಲಿ ಕರೆಂಟು ಹೋಯಿತು. ಬಾಗಿಲು ಮುಚ್ಚಿದ ಕೋಣೆ ಕತ್ತಲಾಯಿತು.

“ಚಾ ಮಾಡ್ಲೇನ್ರಿ?”

ಹೀನಾಳದೇ ದನಿ. ಬಂದದ್ದು ಮಾತ್ರ ಅವನ ತೊಡೆಯ ಮೇಲಿದ್ದ ಸ್ಪೀಕರಿನಿಂದ. ಅದರ ಎರಡೂ ತಂತಿ ಯಾವುದಕ್ಕೂ ಜೋಡಿಸದೆ ಜೋತಾಡುತ್ತಿದ್ದವು.

ಮೊದಲು ದುಂಡೇಶನ ಮೇಲೆ ಅನುಮಾನ ಬಂತು. ಏನೋ ಮಷೀನು ಅಡಗಿಸಿಟ್ಟಿದ್ದಾನೆಂದು ಒಳಗೆಲ್ಲ ಬೆರಳಾಡಿಸಿದ. ಏನೂ ಇರಲಿಲ್ಲ. ಫೋನ್ ನೋಡಿದ, ಅದು ಆಫ್ ಆಗಿತ್ತು. ಆಮೇಲೆ ಅನುಮಾನ ಹೆಂಡತಿಯ ಮೇಲೆ ತಿರುಗಿತು. “ಚೇಷ್ಟೆ ಸಾಕ್ ಮಾಡ!” ಎಂದು ಗದರಿ ಬಾಗಿಲು ತೆರೆದ.

ಬೆಳಕಿನಲ್ಲಿ ಹೀನಾ ಬಾಯಿ ಅಗಲಿಸಿ ಕೂಗುತ್ತಿದ್ದಳು. ಸದ್ದೇ ಇರಲಿಲ್ಲ.

“ಹರೀರಿ ಇದನ್ನ,” ಎಂದಿತು ಸ್ಪೀಕರ್, ಅಳುತ್ತ. “ನಾ ಒಳಗ ಸಿಕ್ಕೊಂಡೀನಿ. ಹರಿದ್ರ ಹೊರಗ ಬರ್ತೀನಿ.”

ಅವನು ಕತ್ತರಿ ತೆಗೆದುಕೊಂಡ. ತುದಿ ಕಾಗದಕ್ಕೆ ತಾಗಿದ್ದೇ ತಡ, ಹೀನಾ ಗಂಟಲು ಹಿಡಿದು ಮುರುಟಿದಳು. ಬೇಡ, ಬೇಡ ಎಂದು ತಲೆ ಅಲ್ಲಾಡಿಸಿದಳು. ಅವನ ಕೈ ಹಿಡಿದಳು.

ಯಾರನ್ನು ನಂಬುವುದು? ಎದುರಿಗೆ ಹೆಂಡತಿಯ ಕಣ್ಣು. ಕಿವಿಯಲ್ಲಿ ಹೆಂಡತಿಯ ದನಿ.

“ಲಗೂ ಮಾಡ್ರಿ! ಉಸಿರು ಕಟ್ಟಾಕತ್ತೈತಿ! ನಿಮ್ಮ ಕಾಲ ಬೀಳ್ತೀನ್ರಿ!”

ಅವನು ದನಿಯನ್ನೇ ನಂಬಿದ. ಹೀನಾಳನ್ನು ದೂಡಿದ. ಸ್ಪೀಕರಿನ ಕಾಗದಕ್ಕೆ ಕತ್ತರಿಯಿಂದ ಇರಿದ. ಸೀಳಿದ. ಮತ್ತೆ ಸೀಳಿದ. ಕಾಗದ ಚಿಂದಿಯಾಯಿತು. ಸ್ಪೀಕರ್ ಸುಮ್ಮನಾಯಿತು.

“ಹೀನಾ, ಮಾತಾಡು. ಒಂದ್ ಸಲ ಮಾತಾಡು.”

ಅವಳ ತುಟಿಗಳು ಅಲುಗಿದವು. ಬರೀ ಗಾಳಿ ಬಂತು. ಅವಳು ಎದೆ ಎದೆ ಬಡಿದುಕೊಂಡು, ತೆರೆದ ಬಾಗಿಲಿನತ್ತ ಬೆರಳು ತೋರಿಸಿದಳು.

ಹೊರಗೆ ಓಣಿಯಲ್ಲಿ ಯಾರೂ ಇರಲಿಲ್ಲ. ಹೀನಾಳ ದನಿಯೊಂದೇ ನಗುನಗುತ್ತ, ಗುನುಗುತ್ತ, ದೂರ ದೂರ ಹೋಗುತ್ತಿತ್ತು.