ಚಹಾ ಬಣ್ಣದ ಮೂಳೆ

ಹದಿನಾಲ್ಕನೆಯ ಬಕೆಟ್ಟಿನ ಮಣ್ಣನ್ನು ಜರಡಿಗೆ ಸುರಿದು ಲೋರೆಟ್ ಮೇಲಿಂದ ನೀರು ಹೊಯ್ದಳು. ಸೊಂಟ ಬೆಳಿಗ್ಗೆಯೇ ಸೋತಿತ್ತು. ಈಗ ಮೊಣಕಾಲಿನ ಸರದಿ. ಕೆಸರು ಇಳಿದ ಮೇಲೆ ಬಸವನಹುಳುವಿನ ಚಿಪ್ಪುಗಳಷ್ಟೇ ಉಳಿದವು.

ಎಂದೋ ಅಳಿದುಹೋದ ಹಕ್ಕಿಗಳ ಮೂಳೆಗಳಿಗಾಗಿ ರೊಡ್ರಿಗ್ಸ್ ದ್ವೀಪದ ಈ ಗವಿಯನ್ನು ಮೂರು ವರ್ಷದಿಂದ ಅಗೆಯುತ್ತಿದ್ದರು. ಯಾರೂ ಕಾಣದ ಹೊಸ ಹಕ್ಕಿಯೊಂದರ ಮೂಳೆ ಸಿಗದಿದ್ದರೆ ಶುಕ್ರವಾರಕ್ಕೆ ಕೆಲಸ ಬಂದ್ ಎಂದು ಅಗೆತ ನಡೆಸುವ ಮೇಡಂ ಹೇಳಿಬಿಟ್ಟಿದ್ದರು. ಇಂದು ಗುರುವಾರ.

ಗವಿಯೊಳಗಿಂದ ಇಗ್ನಾಸ್ ಇನ್ನೊಂದು ಬಕೆಟ್ ಹೊತ್ತು ಬಂದ. ಮೀನುಗಾರನ ಅಗಲ ಹೆಗಲು, ಹುಬ್ಬಿನ ತುಂಬ ಮಣ್ಣು.

"ಮುಖ ನೋಡು, ಒಣಗೋಕೆ ಹಾಕಿದ ಆಕ್ಟೋಪಸ್ ಥರ ಆಗಿದೆ."

"ನಿನ್ನದೇನು ಚಂದ? ಇಟ್ಟು ಹೋಗಯ್ಯ."

ಅವನು ಹೋಗಲಿಲ್ಲ. "ನಿಧಾನ ಜರಡಿ ಹಿಡಿ" ಎಂದ. ಕಣ್ಣು ಜರಡಿಯ ಮೇಲಿತ್ತು. ಒಮ್ಮೆ ಅವಳತ್ತ ಬಂದು, ಸಿಕ್ಕಿಬಿದ್ದಂತೆ ಹಿಂದಕ್ಕೆ ಓಡಿತು.

ಅವನು ತಂದ ಮಣ್ಣಿನ ಮೇಲೆ ನೀರು ಬಿದ್ದೊಡನೆ ತೆಳ್ಳನೆಯ, ಕಂದು ಬಣ್ಣದ ರೆಕ್ಕೆಯ ಮೂಳೆಯೊಂದು ತಲೆಯೆತ್ತಿತು. ಇಲ್ಲಿ ಎಲ್ಲರೂ ಮಾಡುವಂತೆ ಲೋರೆಟ್ ಅದನ್ನು ನಾಲಿಗೆಗೆ ತಾಕಿಸಿದಳು. ಹಳೆಯ ಮೂಳೆಯಾದರೆ ನಾಲಿಗೆಗೆ ಅಂಟಿಕೊಳ್ಳುತ್ತದೆ. ಇದು ಜಾರಿತು. ಜೊತೆಗೆ ವೆನಿಲಾ ಚಹಾದ ರುಚಿ.

ದಿನವೂ ಇಗ್ನಾಸ್ ತನ್ನ ಫ್ಲಾಸ್ಕಿನಿಂದ ಅವಳಿಗೆ ಬಗ್ಗಿಸಿಕೊಡುವ ಚಹಾ.

"ಭಾನುವಾರ ಕೋಳಿ ಮಾಡಿದ್ಯಾ?" ಅವಳು ಮೆಲ್ಲಗೆ ಕೇಳಿದಳು.

ಇಗ್ನಾಸ್ ಕಾಲ್ಬೆರಳಿನಿಂದ ನೆಲ ಕೆರೆದ. "ಅದರ ಮೂಳೆನ ಮೂರು ದಿನ ಚಹಾದಲ್ಲಿ ನೆನೆಸಿಟ್ಟಿದ್ದೆ. ಇನ್ನೊಂದು ತಿಂಗಳಾದ್ರೂ ಕೆಲಸ ನಡೀಲಿ ಅಂತ. ನಿಂತುಹೋದ್ರೆ ನೀನು ಗುಡ್ಡದ ಮೇಲೆ, ನಾನು ಕಡಲ ದಂಡೇಲಿ. ನಿನ್ನ ನೋಡೋಕೆ ನನಗೆ ಯಾವ ನೆಪ ಇರುತ್ತೆ ಹೇಳು?"

ಗಂಡ ತೀರಿಕೊಂಡು ಒಂಬತ್ತು ವರ್ಷ. ಅವಳಿಗಾಗಿ ಒಂದು ಸುಳ್ಳು ಹೇಳುವಷ್ಟು ತೊಂದರೆಯನ್ನೂ ಯಾರೂ ತೆಗೆದುಕೊಂಡಿರಲಿಲ್ಲ.

"ಲೋರೆಟ್, ಏನಾದ್ರೂ ಸಿಕ್ತಾ?" ಡೇರೆಯಿಂದ ಮೇಡಂ ಕೂಗಿದರು.

ಹೂಂ ಎಂದರೆ ಇನ್ನೊಂದು ತಿಂಗಳು. ಪಕ್ಕದ ತಟ್ಟೆಯಲ್ಲಿ, ಅವಳೇ ತೊಳೆದು ಹತ್ತಿಯಲ್ಲಿ ಮಲಗಿಸಿದ ಹಳೆಯ ಹಕ್ಕಿಗಳ ಮೂಳೆಗಳಿದ್ದವು. ಪಾಪ, ಅವುಗಳ ನಡುವೆ ಭಾನುವಾರದ ಕೋಳಿಯೇ?

"ಇಲ್ಲ ಮೇಡಂ. ಬರೀ ಚಿಪ್ಪು."

ಇಗ್ನಾಸ್ ಖಾಲಿ ಬಕೆಟ್ ಎತ್ತಿಕೊಂಡು ಗವಿಯೊಳಗೆ ಇಳಿದ.

ಲೋರೆಟ್ ಆ ಮೂಳೆಯನ್ನು ತಲೆವಸ್ತ್ರದ ತುದಿಗೆ ಗಂಟು ಹಾಕಿಕೊಂಡಳು. ಶನಿವಾರ ಅವಳು ಹುರುಳಿಕಾಯಿ ಮಾರಲು ಪೇಟೆಗೆ ಹೋಗುವ ಬಸ್ಸು ಅವನ ಮನೆಯ ಮುಂದೆಯೇ ನಿಲ್ಲುತ್ತಿತ್ತು. ಮೂರು ವರ್ಷ ಆ ನಿಲ್ದಾಣ ಬಂದಾಗ ಅವಳು ಬಸ್ಸಿನಲ್ಲೇ ಬುಟ್ಟಿಯನ್ನು ಬಿಗಿಯಾಗಿ ಹಿಡಿದು ಕೂತೇ ಇರುತ್ತಿದ್ದಳು.

ಈ ಶನಿವಾರ ಇಳಿಯಬೇಕು. ನೆಪವಿಲ್ಲದೆ.

ಅವಳು ಮುಂದಿನ ಬಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು.