ಶುಂಠಿ ಚಾಕೊಲೇಟಿನ ರುಚಿ

“ಏಯ್, ತಳ್ಳಬೇಡ್ರೋ! ಮೊದಲು ಅಕ್ಷತಾ ತಿಂದು ಹೇಳ್ಬೇಕು. ಆಮೇಲೆ ನಿಮಗೆಲ್ಲ!” ನಂದಿತಾ ಸ್ಟೀಲ್ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

ಊಟದ ಬೆಲ್ ಹೊಡೆದು ಎರಡು ನಿಮಿಷವೂ ಆಗಿರಲಿಲ್ಲ. ಐದನೇ ಕ್ಲಾಸಿನ ಮಕ್ಕಳೆಲ್ಲ ಅವಳ ಬೆಂಚಿನ ಸುತ್ತ ಮುತ್ತಿಕೊಂಡಿದ್ದರು. ಯಾರಿಗೂ ಊಟದ ನೆನಪೇ ಇರಲಿಲ್ಲ.

ನಂದಿತಾಳ ಅಮ್ಮ ಪುಷ್ಪಲತಾ ಮನೆಯಲ್ಲೇ ಚಾಕೊಲೇಟ್ ಮಾಡಲು ಶುರುಮಾಡಿದ್ದರು. ಹಾಸನದಲ್ಲಿ ಒಂದು ತಿಂಗಳು ಟ್ರೈನಿಂಗ್ ಮುಗಿಸಿ ಬಂದು, ಹಾರನಹಳ್ಳಿಯ ತಮ್ಮ ಮನೆಯಲ್ಲಿ ಒಂದು ಕೋಣೆಯನ್ನು ಅದಕ್ಕೆಂದೇ ಖಾಲಿ ಮಾಡಿಸಿ ಬಣ್ಣ ಹೊಡೆಸಿದ್ದರು. ಮೂರು ಬಗೆಯ ಬಾರ್‌ಗಳು: ಕೊಬ್ಬರಿ, ಕಾಫಿ, ಶುಂಠಿ. ಕೊಬ್ಬರಿ ಅವರದೇ ತೋಟದ್ದು. ನೀಲಿ ಕವರಿನ ಮೇಲೆ ಬಿಳಿ ಅಕ್ಷರದಲ್ಲಿ ‘ನಂದು’ ಎಂಬ ಹೆಸರು. ಮನೆಯಲ್ಲಿ ನಂದಿತಾಳನ್ನು ಕರೆಯುತ್ತಿದ್ದುದೇ ಹಾಗೆ.

ಮರುದಿನದಿಂದ ಆ ಬಾರ್‌ಗಳು ಅರಸೀಕೆರೆಯಲ್ಲಿ, ಶಾಲೆಯ ಗೇಟಿನ ಎದುರೇ ಇರುವ ದೇವೀರಪ್ಪನವರ ಅಂಗಡಿಗೆ ಬರುವುದಿತ್ತು.

“ನೀನು ಚೆನ್ನಾಗಿದೆ ಅಂದುಬಿಟ್ರೆ ಸಾಕು ಕಣೇ. ಎಲ್ಲಾರೂ ತಗೋತಾರೆ,” ಎಂದು ನಂದಿತಾ ಹಿಂದಿನ ದಿನವೇ ಅಕ್ಷತಾಳಿಗೆ ಹೇಳಿದ್ದಳು. ಅದು ನಿಜವೂ ಆಗಿತ್ತು. ಅಕ್ಷತಾ ಏನಂದರೂ ಕ್ಲಾಸು ಕೇಳುತ್ತಿತ್ತು. ಹೆಡ್‌ಮೇಷ್ಟ್ರು ಕೆಮ್ಮುವುದನ್ನು, ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟನ್ನು ಅವಳು ಮುಖ ಗಂಟು ಹಾಕಿಕೊಂಡು ಮಾಡಿ ತೋರಿಸಿದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ನಂದಿತಾ ಡಬ್ಬಿ ತೆಗೆದಳು. ಒಳಗೆ ಚಾಕೊಲೇಟನ್ನು ಬೆರಳ ತುದಿಯಷ್ಟು ಚಿಕ್ಕ ಚಿಕ್ಕ ತುಂಡು ಮಾಡಿ ಇಟ್ಟಿದ್ದರು.

ಅಕ್ಷತಾ ಮೊದಲು ಕೊಬ್ಬರಿಯದನ್ನು ಬಾಯಿಗೆ ಹಾಕಿಕೊಂಡಳು. “ಉಂ... ಸೂಪರ್!” ಅಂದಳು. ನಂದಿತಾಳ ಕಣ್ಣು ಅರಳಿತು.

“ಇದು ಶುಂಠೀದು. ಅಮ್ಮ ತುಂಬಾ ಕಷ್ಟಪಟ್ಟಿದ್ದು ಇದಕ್ಕೇನೇ. ಎಂಟು ಸಲ ಮಾಡಿದ್ಮೇಲೆ ಸರಿಯಾಗಿದ್ದು.”

ಅಕ್ಷತಾ ಅದನ್ನೂ ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರ್ ಎಂದಿತು. ಅವಳ ಮುಖ ತಾನಾಗಿಯೇ ಕಿವುಚಿಕೊಂಡಿತು.

ಯಾರೋ ಕಿಸಕ್ಕನೆ ನಕ್ಕರು.

ಆ ನಗು ಕೇಳಿದ್ದೇ ತಡ, ಅಕ್ಷತಾಳಿಗೆ ಹುರುಪು ಬಂತು. ಕೆನ್ನೆ ಉಬ್ಬಿಸಿದಳು. ಕಣ್ಣು ಮೇಲೆ ಮಾಡಿದಳು. ಬಾಯಿಂದ ನೊರೆ ಬರುತ್ತಿರುವಂತೆ ‘ಬುಳು ಬುಳು ಬುಳು’ ಎಂದು ಸದ್ದು ಮಾಡಿದಳು.

“ಅಯ್ಯಪ್ಪಾ! ಸೋಪು ತಿಂದಂಗಾಯ್ತು ಕಣ್ರೋ!”

ಇಡೀ ಕ್ಲಾಸು ಗೊಳ್ಳೆಂದಿತು. ಮಧುಕುಮಾರ್ ಅಂತೂ ಬೆಂಚಿನಿಂದ ಜಾರಿ ಕೆಳಗೇ ಬಿದ್ದ. “ಸೋಪು! ನಂದು ಸೋಪು! ಸ್ನಾನಕ್ಕೋ, ಬಟ್ಟೆಗೋ?” ಎಂದು ಅಲ್ಲಿಂದಲೇ ಕೂಗಿದ. ಮುಂದೆ ಬಂದಿದ್ದ ಕೈಗಳೆಲ್ಲ ಹಿಂದೆ ಹೋದವು. “ನಂಗ್ ಬೇಡಪ್ಪಾ,” “ನಂಗೂ ಬೇಡ,” ಎನ್ನುತ್ತಾ ಒಬ್ಬೊಬ್ಬರೇ ತಮ್ಮ ಊಟದ ಡಬ್ಬಿಗಳ ಕಡೆ ಹೊರಟರು.

ನಂದಿತಾಳೂ ನಕ್ಕಳು, ಸ್ವಲ್ಪ. ಆಮೇಲೆ ಡಬ್ಬಿಯ ಮುಚ್ಚಳ ಹಾಕಿ, ಗಟ್ಟಿಯಾಗಿ ಒತ್ತಿ, ಬ್ಯಾಗಿನೊಳಗೆ ಇಟ್ಟುಕೊಂಡಳು.

“ತಮಾಷೆಗೆ ಕಣೇ,” ಅಂದಳು ಅಕ್ಷತಾ.

“ಗೊತ್ತು,” ಅಂದಳು ನಂದಿತಾ.

ಅಕ್ಷತಾ ಅದನ್ನು ಅಲ್ಲಿಗೇ ಮರೆತಳು. ಆದರೆ ಮಕ್ಕಳು ಮರೆಯಲಿಲ್ಲ. ಎರಡು ದಿನದಲ್ಲಿ ನಾಲ್ಕನೇ ಕ್ಲಾಸಿನವರಿಗೂ ಆರನೇ ಕ್ಲಾಸಿನವರಿಗೂ ವಿಷಯ ಮುಟ್ಟಿತು. ದೇವೀರಪ್ಪನವರ ಅಂಗಡಿಯ ಮುಂದೆ ನೀಲಿ ಬಾರ್‌ಗಳ ಪೆಟ್ಟಿಗೆ ಕಂಡರೆ ಸಾಕು, ಹುಡುಗರು “ಅಂಕಲ್, ಒಂದು ಸೋಪು ಕೊಡಿ!” ಎಂದು ಕೂಗಿ ಓಡಿಹೋಗುತ್ತಿದ್ದರು. ಒಂದು ದಿನ ಯಾರೋ ಬೋರ್ಡಿನ ಮೇಲೆ ಸೋಪಿನ ಚಿತ್ರ ಬರೆದು, ಕೆಳಗೆ ‘ನಂದು’ ಎಂದು ಬರೆದಿದ್ದರು. ಟೀಚರ್ ಬರುವುದರೊಳಗೆ ನಂದಿತಾಳೇ ಎದ್ದುಹೋಗಿ ಡಸ್ಟರಿನಿಂದ ಒರೆಸಿ ಬಂದಳು. ಅಕ್ಷತಾಳ ಪಕ್ಕದಲ್ಲೇ ಕೂತಳು. ಏನೂ ಅನ್ನಲಿಲ್ಲ.

ಏನಾದರೂ ಅಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಕ್ಷತಾಳಿಗೆ.

ಆ ಶನಿವಾರ ನಂದಿತಾ ಶಾಲೆಗೆ ಬರಲಿಲ್ಲ. ಶಾಲೆ ಬಿಟ್ಟಾಗ ಅಂಗಡಿಯ ಮುಂದೆ ಅವಳ ಅಮ್ಮನ ಸ್ಕೂಟರ್ ನಿಂತಿತ್ತು. ಪುಷ್ಪಲತಾ ಪೆಟ್ಟಿಗೆಯಲ್ಲಿದ್ದ ಬಾರ್‌ಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು.

“ಚಾಕ್ಲೇಟ್ ಕೆಟ್ಟದು ಅಂತ ನಾನು ಹೇಳ್ತಿಲ್ಲ ಕಣಮ್ಮ. ನಾನೇ ತಿಂದಿದ್ದೀನಿ, ಚೆನ್ನಾಗೇ ಇತ್ತು,” ಎಂದು ದೇವೀರಪ್ಪ ಮುಜುಗರದಿಂದ ಹೇಳುತ್ತಿದ್ದರು. “ಆದ್ರೆ ಮಕ್ಕಳು ಮುಟ್ಟಲ್ಲ ಅಂತಾರೆ. ನಾನೇನ್ ಮಾಡ್ಲಿ, ಹೇಳಿ.”

ಅಕ್ಷತಾ ಪಕ್ಕದಿಂದ ಜಾರಿಕೊಳ್ಳಬೇಕೆಂದಿದ್ದಳು. ಅಷ್ಟರಲ್ಲಿ ಪುಷ್ಪಲತಾ ನೋಡಿಬಿಟ್ಟರು.

“ಅಕ್ಷತಾ! ಬಾ ಪುಟ್ಟ. ನಂದು ಹೊಟ್ಟೆನೋವು ಅಂತ ಮಲಗಿದಾಳೆ. ಈ ವಾರದಲ್ಲಿ ಇದು ಎರಡನೇ ಸಲ.” ಅವರು ಚೀಲದಿಂದ ಒಂದು ಬಾರ್ ತೆಗೆದು ಅವಳ ಕೈಗಿಟ್ಟರು. “ತಗೋ, ಕೊಬ್ಬರೀದು. ನಿಂಗೆ ತುಂಬಾ ಇಷ್ಟ ಆಯ್ತಂತಲ್ಲ. ಸೂಪರ್ ಅಂದ್ಯಂತೆ! ಅವತ್ತು ನಂದು ಮನೆಗೆ ಬಂದೋಳೇ ಅದನ್ನೇ ಹೇಳಿದ್ಳು.”

ಅಕ್ಷತಾ ತಲೆ ತಗ್ಗಿಸಿದಳು. ನಂದಿತಾ ಅಷ್ಟನ್ನು ಮಾತ್ರ ಹೇಳಿದ್ದಳು.

“ಒಂದು ಕೇಳ್ಲಾ? ನಿಜ ಹೇಳ್ಬೇಕು,” ಎಂದು ಪುಷ್ಪಲತಾ ದನಿ ತಗ್ಗಿಸಿದರು. “ಚಾಕ್ಲೇಟು ಸೋಪಿನ ವಾಸನೆ ಬರುತ್ತಂತೆ, ಮಕ್ಕಳೆಲ್ಲ ಹಾಗಂತಾರಂತೆ. ಅಚ್ಚುಗಳನ್ನ ತೊಳೆದಿದ್ದು ಸರಿಹೋಗಿಲ್ವೇನೋ ಅಂತ ಎಲ್ಲಾನೂ ಬಿಸಿನೀರಲ್ಲಿ ಹಾಕಿ ತೆಗೆದೆ. ಪಾತ್ರೆ ತೊಳೆಯೋ ಸೋಪು ಬದಲಾಯಿಸಿದೆ. ಆಮೇಲೆ ಸೋಪೇ ಬೇಡ ಅಂತ ಕಡಲೆಹಿಟ್ಟಲ್ಲಿ ತೊಳೆದೆ. ನಂಗಂತೂ ವಾಸನೆ ಗೊತ್ತಾಗ್ತಿಲ್ಲ. ನಿಂಗೆ ಬಂತಾ?”

ಅವರ ಕೈಬೆರಳ ತುದಿಗಳು ಬಿಸಿನೀರಿಗೆ ಕೆಂಪಾಗಿ ಸಿಪ್ಪೆ ಏಳುತ್ತಿದ್ದವು. ಅಕ್ಷತಾ ಅವನ್ನೇ ನೋಡಿದಳು.

“ಆಂಟಿ... ಸೋಪಿನ ವಾಸನೆ ಇರ್ಲಿಲ್ಲ.”

“ಇರ್ಲಿಲ್ವಾ? ಮತ್ತೆ?”

“ನಾನು ಸುಮ್ನೆ ಅಂದಿದ್ದು. ಎಲ್ಲಾರೂ ನಗ್ಲಿ ಅಂತ.”

ರಸ್ತೆಯಲ್ಲಿ ಒಂದು ಟೆಂಪೋ ಹಾರ್ನ್ ಹೊಡೆಯುತ್ತಾ ಹೋಯಿತು. ಪುಷ್ಪಲತಾ ಚೀಲದ ಹಿಡಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

“ಸುಮ್ನೆ ಅಂದ್ಯಾ?” ಎಂದರು ಕೊನೆಗೆ. ಬೈಯಲಿಲ್ಲ. “ಸರಿ. ಈಗಲಾದ್ರೂ ಹೇಳಿದ್ಯಲ್ಲ.”

ಸ್ಕೂಟರ್ ಹೊರಟಿತು. ಯಾವಾಗಲೂ ‘ಬರ್ತೀನಿ ಪುಟ್ಟ’ ಎಂದು ಕೈಬೀಸಿ ಹೋಗುತ್ತಿದ್ದವರು ಅಂದು ಹಾಗೇ ಹೋದರು.

ಸೋಮವಾರ ಊಟದ ಹೊತ್ತಿಗೆ ಅಕ್ಷತಾ ಬೆಂಚಿನ ಮೇಲೆ ಹತ್ತಿ ನಿಂತಳು. ಕೈಯಲ್ಲಿ ಆ ನೀಲಿ ಬಾರ್.

“ಎಲ್ಲಾರೂ ಕೇಳ್ರೋ! ಅವತ್ತು ನಾನು ಹೇಳಿದ್ದು ಸುಳ್ಳು. ಈ ಚಾಕ್ಲೇಟ್ ತುಂಬಾ ಚೆನ್ನಾಗಿದೆ. ನೋಡಿ, ನಾನೇ ತಿಂತೀನಿ.”

ಕವರ್ ಬಿಚ್ಚಿ ಕಚ್ಚಿದಳು. ನಿಜವಾಗಿಯೂ ಚೆನ್ನಾಗಿತ್ತು. ಆದರೆ ಅವಳು ಎರಡನೇ ಸಲ ಕಚ್ಚುವುದರೊಳಗೆ ಮಧುಕುಮಾರ್ ಕಿರುಚಿದ.

“ಏ, ಸೋಪು ತಿಂತಾವ್ಳೆ ನೋಡ್ರೋ! ಈಗ ನೊರೆ ಬತ್ತದೆ, ನೋಡ್ತಾ ಇರಿ!”

“ಇಲ್ಲ ಕಣೋ, ನಿಜವಾಗ್ಲೂ...”

“ಬುಳು ಬುಳು ಮಾಡೇ, ಅಕ್ಷತಾ! ಪ್ಲೀಸ್, ಇನ್ನೊಂದ್ ಸಲ!”

ಅವಳು ಎಷ್ಟು ಗಂಭೀರವಾಗಿ ಹೇಳಿದಳೋ ಅವರು ಅಷ್ಟೇ ಜೋರಾಗಿ ನಕ್ಕರು. ಮುಖ ಗಂಟು ಹಾಕಿಕೊಂಡೇ ಅಲ್ಲವೇ ಅವಳು ಯಾವಾಗಲೂ ನಗಿಸುತ್ತಿದ್ದುದು? ಇದೂ ಅಂಥದ್ದೇ ಇನ್ನೊಂದು ಆಟ ಎಂದುಕೊಂಡರು. ಅವಳಿಗೆ ಅಳು ಬಂತು. ಅದನ್ನು ನೋಡಿಯೂ ಒಬ್ಬಳು ಚಪ್ಪಾಳೆ ತಟ್ಟಿದಳು.

ಅಕ್ಷತಾ ಕೆಳಗಿಳಿದಳು. ನಂದಿತಾ ಪಕ್ಕದಲ್ಲೇ ಕೂತು, ತನ್ನ ಚಪಾತಿಯನ್ನು ತುಂಡು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

ಸಂಜೆ ಅಕ್ಷತಾ ತನ್ನ ಮನೆಯ ದಾರಿ ಬಿಟ್ಟು ನಂದಿತಾಳ ಜೊತೆ ಬಸ್‌ಸ್ಟ್ಯಾಂಡಿನವರೆಗೂ ನಡೆದಳು. ಹಾರನಹಳ್ಳಿ ಬಸ್ ಇನ್ನೂ ಬಂದಿರಲಿಲ್ಲ. ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತರು.

“ಸಾರಿ ಕಣೇ,” ಅಂದಳು ಅಕ್ಷತಾ.

“ಪರವಾಗಿಲ್ಲ ಬಿಡು.”

“ಆಂಟಿ ಬೇಜಾರ್ ಮಾಡ್ಕೊಂಡ್ರಾ?”

“ಅಮ್ಮ ಕೊಬ್ಬರೀದು, ಕಾಫೀದು ಬೇಲೂರಿನ ಬೇಕರಿಗೆ ಕಳಿಸ್ತಾರಂತೆ. ಅಲ್ಲಿ ಟೂರಿಸ್ಟ್‌ಗಳು ತಗೋತಾರೆ ಅಂತ.” ನಂದಿತಾ ಬ್ಯಾಗಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. “ಶುಂಠೀದು ನಿಲ್ಲಿಸಿಬಿಟ್ರು. ಇನ್ಮೇಲೆ ಮಾಡಲ್ವಂತೆ.”

ಅಕ್ಷತಾ ಚಪ್ಪಲಿಯ ತುದಿಯಿಂದ ನೆಲ ಕೆರೆದಳು.

“ಈಗ ನಿಜ ಹೇಳು,” ಎಂದು ನಂದಿತಾ ಅವಳ ಕಡೆ ತಿರುಗಿದಳು. ವಾರದ ಮೇಲೆ ಮೊದಲ ಸಲ ಅವಳು ಹಾಗೆ ನೇರವಾಗಿ ನೋಡಿದ್ದು. “ಶುಂಠೀದು ಹೇಗಿತ್ತು?”

ಅಕ್ಷತಾಳ ಬಾಯಿಗೆ ಥಟ್ಟನೆ ಒಂದು ತಮಾಷೆಯ ಮಾತು ಬಂತು. ಅದನ್ನು ನುಂಗಿಕೊಂಡಳು. ‘ಸೂಪರ್’ ಎಂಬ ಮಾತು ಬಂತು. ಅದನ್ನೂ ಬಿಟ್ಟಳು. ಆಮೇಲೆ ಕಣ್ಣು ಮುಚ್ಚಿ ಆ ಪುಟ್ಟ ತುಂಡನ್ನು ನೆನಪು ಮಾಡಿಕೊಳ್ಳಲು ನೋಡಿದಳು. ನಾಲಿಗೆ ಚುರ್ ಎಂದಿದ್ದು ನೆನಪಿತ್ತು. ಆಮೇಲೆ ಯಾರೋ ನಕ್ಕಿದ್ದು, ಮಧುಕುಮಾರ್ ಬಿದ್ದಿದ್ದು, ಎಲ್ಲರ ಹಲ್ಲು, ಎಲ್ಲರ ಕಣ್ಣು.

ಚಾಕೊಲೇಟಿನ ರುಚಿ ಮಾತ್ರ ಎಲ್ಲೂ ಸಿಗಲಿಲ್ಲ.

“ಗೊತ್ತಿಲ್ಲ ಕಣೇ,” ಅಂದಳು ಮೆಲ್ಲಗೆ. “ನಾನು ರುಚಿ ನೋಡ್ಲೇ ಇಲ್ಲ. ನಾನು ಅವರನ್ನ ನೋಡ್ತಿದ್ದೆ.”

ಧೂಳೆಬ್ಬಿಸಿಕೊಂಡು ಹಾರನಹಳ್ಳಿ ಬಸ್ ಬಂತು. ನಂದಿತಾ ಎದ್ದು, ಹತ್ತಿ, ಕಿಟಕಿಯ ಪಕ್ಕದ ಸೀಟಿನಲ್ಲಿ ಕೂತಳು. ಕೈಬೀಸಲಿಲ್ಲ. ಮುಖವನ್ನು ಆ ಕಡೆಗೆ ತಿರುಗಿಸಿಕೊಳ್ಳಲೂ ಇಲ್ಲ.

ಬಸ್ ಹೊರಡುವವರೆಗೂ ಅಕ್ಷತಾ ಕಿಟಕಿಯ ಕೆಳಗೇ ನಿಂತಿದ್ದಳು.