ಬೇಡ ಅನ್ನೋದು ಅವನ ಕೆಲಸ

"ಶುರು ಮಾಡಪ್ಪ ಉಲ್ಟಾ," ಅಂದ್ರು ಸಾಹೇಬ್ರು.

ಉಲ್ಟಾ ಎದ್ದ.

ಸಾಹೇಬ್ರು ಅಂದ್ರೆ ಪ್ರಧಾನಿಯವರ ಭದ್ರತಾ ಸಲಹೆಗಾರರು. ಅವರ ಕೈಲಿ ಸೈನ್ಯ ಇಲ್ಲ, ಖಾತೆ ಇಲ್ಲ, ಒಂದು ಓಟೂ ಇಲ್ಲ. ಇರೋದು ಪ್ರಧಾನಿಯವರ ಕಿವಿ ಒಂದೇ. ಆ ಕಿವಿಗೆ ಏನೇ ಹಾಕೋ ಮೊದ್ಲು ಮೀಟಿಂಗಲ್ಲಿ ಒಬ್ಬ ಎದ್ದು ಅದನ್ನ ಚಿಂದಿ ಮಾಡ್ಬೇಕು, ಮನಸ್ಸಲ್ಲಿ ಒಪ್ಪಿದ್ರೂ ಸರಿ. ಆ ವಾದಾನೂ ಪ್ರಧಾನಿ ಹತ್ರ ಹೋಗುತ್ತೆ. "ಎಲ್ಲರೂ ಹೂಂ ಅಂದ್ರೆ ಅದು ಸಲಹೆ ಅಲ್ಲ ಕಣ್ರಪ್ಪ, ಜೋಗುಳ," ಅಂತಿದ್ರು ಸಾಹೇಬ್ರು. ಹಾಗಾಗಿ ನಮ್ಮ ಹುಡುಗನಿಗೆ ಸಂಬಳ ಬರ್ತಿದ್ದಿದ್ದೇ ಬೇಡ ಅನ್ನೋಕೆ, ಉಲ್ಟಾ ಅನ್ನೋ ಅಡ್ಡಹೆಸರು ಬಿದ್ದಿದ್ದೂ ಅದಕ್ಕೇ.

ಮೇಜಿನ ಆ ಕಡೆ ಗಡಿ ವಿಭಾಗದ ಮೇಡಂ. ಪೆನ್ನಿನ ತುದಿ ತುಟಿಗೆ ಒತ್ಕೊಂಡು, ಒಂದೇ ಹುಬ್ಬು ಮೇಲೆತ್ತಿ, 'ಬನ್ನಿ ನೋಡೋಣ' ಅನ್ನೋ ಹಾಗೆ ಕೂತಿದ್ಲು.

ಅವಳು ಬರೆದ ಒಂದು ನೋಟನ್ನೂ ಅವನು ಸುಮ್ನೆ ಬಿಟ್ಟಿರ್ಲಿಲ್ಲ. ಒಂದ್ಸಲ ಕಾರಿಡಾರಲ್ಲಿ ಅಡ್ಡ ಹಾಕಿ ಕೇಳಿದ್ಲು, "ರೀ, ಮನೇಲಿ ಅಮ್ಮ ಊಟಕ್ಕೆ ಬಾ ಅಂದ್ರೂ ಸಾಕ್ಷಿ ಕೇಳ್ತೀರಾ?"

"ಸಾಕ್ಷಿ ಅಲ್ಲ ರೀ. ಬೇರೆ ದಾರಿ ಏನಿದೆ ಅಂತ ಕೇಳ್ತೀನಿ."

ನಕ್ಕಾಗ ಅವಳ ಮೂಗು ಚೂರೇ ಚೂರು ಸುಕ್ಕಾಗುತ್ತೆ. ಆ ಸುಕ್ಕು ನೋಡೋಕಂತಲೇ ಪಾಪಿ ಒಳ್ಳೊಳ್ಳೆ ನೋಟುಗಳನ್ನೂ ಉಗಿದು ಉಪ್ಪಿನಕಾಯಿ ಹಾಕಿದ್ದ.

ಇವತ್ತು ವಿಷಯ ನೋಟಲ್ಲ, ಅವಳೇ.

ಪಕ್ಕದ ದೇಶದ ಸೈನ್ಯ ಗಡಿಗೆ ಬಂದು ಕೂತಿತ್ತು. ಅಲ್ಲಿನ ಸಲಹೆಗಾರ ಗುಟ್ಟಾಗಿ ಮಾತಾಡೋಕೆ ಒಪ್ಪಿದ್ದ, ಆದ್ರೆ ಅವಳ ಜೊತೆ ಮಾತ್ರ. ಹಿಂದೆ ಒಂದು ಸಂಧಾನದಲ್ಲಿ ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ಲು ಅಂತ. ಒಬ್ಬಳೇ ಹೋಗ್ಬೇಕು, ಫೋನ್ ಇಲ್ದೆ. ಮಾತು ಮುರಿದು ಗುಂಡು ಹಾರಿದ್ರೆ ಅವಳು ಅವರ ಕೈಲಿ.

"ಕಳಿಸ್ಬೇಡಿ ಸರ್," ಅಂದ ಉಲ್ಟಾ. "ಮಾತು ಮುರಿದ್ರೆ ಮೇಡಂನ ಒತ್ತೆ ಇಟ್ಕೋತಾರೆ. ಆಮೇಲೆ ಆ ದೇಶದವರು ಹೇಳಿದ್ದಕ್ಕೆಲ್ಲ ನಾವು ತಲೆ ಆಡಿಸ್ಬೇಕು. ಆಮೇಲೆ... ಆಮೇಲೆ..." ಕಾರಣ ಖಾಲಿ ಆಯ್ತು, ಬಾಯಿ ನಿಲ್ಲಲಿಲ್ಲ. "ಮೇಡಂ ಇಲ್ದೆ ಈ ರೂಮಲ್ಲಿ ನನ್ನಿಂದ ಉಸಿರಾಡೋಕಾಗಲ್ಲ ಸರ್."

ರೂಮು ಗೊಳ್ಳಂತ ನಕ್ತು. "ಏನ್ ಆಕ್ಟಿಂಗ್ ಕಣಯ್ಯ," ಅಂತ ಸೈನ್ಯದ ದೊಡ್ಡ ಅಧಿಕಾರಿ ಕಣ್ಣೊರೆಸ್ಕೊಂಡ್ರು. ಅವಳೂ ನಕ್ಳು. ಮೂಗು ಸುಕ್ಕಾಯ್ತು. ಅದನ್ನ ನೋಡಿ ಜೀವ ಹೋದಂಗಾಗಿದ್ದು ಅವನಿಗೆ ಅದೇ ಮೊದಲು.

"ವಾದ ಗಟ್ಟಿಯಾಗಿದೆ, ಪ್ರಧಾನಿಯವರ ಮುಂದೆ ಇಡ್ತೀನಿ," ಅಂದ್ರು ಸಾಹೇಬ್ರು. "ಅವರು ತಡೆದ್ರೂ ತಡೀಬಹುದು."

ಎಲ್ಲರೂ ಎದ್ರು. ಕಾರಿಡಾರಲ್ಲಿ ಅವಳು ಫೋನನ್ನ ಕಾವಲಿನವನಿಗೆ ಒಪ್ಪಿಸ್ತಿದ್ಲು. ಅಂಗಳದಲ್ಲಿ ಕಾರು ಕಾಯ್ತಿತ್ತು.

"ಇವತ್ತಿಂದು ಭರ್ಜರಿಯಾಗಿತ್ತು ರೀ."

"ಅದು ಡ್ಯೂಟಿ ಅಲ್ಲ. ನಿಜ."

"ಹೋಗ್ರೀ."

"ನಿಮ್ಮಾಣೆ. ನೀವು ಬಾಗಿಲು ತೆಗೆದ್ರೆ ನನ್ನೆದೇಲಿ ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಬರುತ್ತೆ. ಸ್ಲೋ ಮೋಷನ್ನು, ಗಾಳಿ, ಎಲ್ಲಾ."

ಅವಳು ನಗಲಿಲ್ಲ. ಅವನ ಮುಖಾನೇ ನೋಡ್ತಾ ನಿಂತ್ಲು. "ನಂಬದೇ ಇರೋದನ್ನ ನಂಬಿದ ಹಾಗೆ ಹೇಳೋದೇ ನಿಮ್ಮ ಕೆಲಸ. ದಿನಾ ಕಣ್ಣೆದುರು ನೋಡಿದೀನಿ. ಇವತ್ತು ನಿಜ ಅಂತ ನಾನು ಹೆಂಗ್ರೀ ತಿಳ್ಕೊಳ್ಲಿ? ಬೆಳಿಗ್ಗೆಯಿಂದ ಭಯ ಆಗ್ತಿದೆ ನಂಗೆ. ಇದರ ಮೇಲೆ ತಮಾಷೆ ಬೇಡ."

ಅಷ್ಟರಲ್ಲಿ ಸಾಹೇಬ್ರು ಫೈಲ್ ಹಿಡ್ಕೊಂಡು ಪ್ರಧಾನಿಯವರ ಕೋಣೆ ಕಡೆ ಹೊರಟಿದ್ರು. ಅವಳನ್ನ ತಡೆಯೋಕೆ ಈ ಭೂಮಿ ಮೇಲೆ ಉಳಿದಿದ್ದು ಅವನ ಆ ವಾದ ಒಂದೇ.

ಅವನು ಓಡಿಹೋಗಿ ಅಡ್ಡ ನಿಂತ.

"ಸರ್, ನನ್ನ ವಾದ ತೆಗೆದುಬಿಡಿ. ಅದು ಸಲಹೆ ಅಲ್ಲ, ನನ್ನ ಭಯ. ಅವರು ಅಂದ್ರೆ ನಂಗೆ ಪ್ರಾಣ."

ಸಾಹೇಬ್ರು ಕನ್ನಡಕ ಕೆಳಗಿಳಿಸಿ ನೋಡಿದ್ರು. "ಎಷ್ಟು ದಿನದಿಂದಯ್ಯ?"

"ಗೊತ್ತಿಲ್ಲ ಸರ್. ಇಂಟೆಲಿಜೆನ್ಸ್ ಫೇಲ್ಯೂರ್."

"ಇದನ್ನ ತೆಗೆದ್ರೆ ಅವಳು ಹೋಗೋದು ಖಂಡಿತ. ಗೊತ್ತಲ್ವಾ?"

"ಗೊತ್ತು ಸರ್."

"ಸಂಬಂಧ ಇದ್ದೋರು ಆ ವಿಷಯದಲ್ಲಿ ಬಾಯಿ ಹಾಕೋ ಹಾಗಿಲ್ಲ. ಅವಳು ವಾಪಸ್ ಬರೋವರೆಗೂ ನೀನು ಒಳಗೆ ಬರಬಾರ್ದು. ಅವಳ ಸುದ್ದೀನೂ ನಾನು ಹೇಳೋ ಹಾಗಿಲ್ಲ." ಹೆಗಲ ಮೇಲೆ ಒಂದು ಕ್ಷಣ ಕೈ ಇಟ್ಟು, ಫೈಲಲ್ಲಿದ್ದ ಅವನ ವಾದದ ಹಾಳೆ ಹರಿದು, ಪ್ರಧಾನಿಯವರ ಕೋಣೆ ಒಳಗೆ ಹೋದ್ರು.

ಅವನು ತಿರುಗಿದ. ಅವಳು ಹಿಂದೇನೇ ನಿಂತಿದ್ಲು. ಎಲ್ಲಾ ಕೇಳಿಸ್ಕೊಂಡಿದ್ಲು.

"ದಡ್ಡ," ಅಂದ್ಲು. "ಸುಮ್ನೆ ಇದ್ದಿದ್ರೆ ನಾನು ಉಳೀತಿದ್ದೆ."

"ಉಳೀತಿದ್ದೆ. ಆದ್ರೆ ನೀನು ನನ್ನ ನಂಬ್ತಿರ್ಲಿಲ್ಲ."

ಅವಳು ಅವನ ಕೈ ಹಿಡಿದ್ಲು.

"ನಂಗೂ ನೀನಂದ್ರೆ..." ಅಂದು, ಕಾರಿನ ಹಾರನ್ ಕೇಳಿ ನಿಲ್ಸಿದ್ಲು. "ಉಳಿದಿದ್ದು ಬಂದ್ಮೇಲೆ."

"ಈಗಲೇ ಹೇಳು."

"ಹೇಳಿದ್ರೆ ಹೋಗೋಕಾಗಲ್ಲ ಕಣೋ."

ಹೋದ್ಲು. ಕಾರು ಗೇಟು ದಾಟ್ತು; ಅದು ಗಡಿ ಮುಟ್ಟೋದ್ರೊಳಗೆ ಒಪ್ಪಿಗೆ ಬರ್ಬೇಕಿತ್ತು. ಅವನು ಮೀಟಿಂಗ್ ರೂಮಿನ ಮುಚ್ಚಿದ ಬಾಗಿಲಿಗೆ ಒರಗಿ ಕೂತ. ಒಳಗೆ ಎಲ್ಲರೂ ಮತ್ತೆ ಸೇರಿದ್ರು, ವಾಪಸ್ ಬಂದ ಸಾಹೇಬ್ರ ದನಿ: "ಪ್ರಧಾನಿಯವರು ಒಪ್ಪಿದ್ರು. ಯಾರಿಗಾದ್ರೂ ಬೇಡ ಅನ್ನೋದಿದ್ಯಾ, ಇಲ್ಲ ಗಡಿ ದಾಟಿಸೋಣ್ವಾ?"

ಅವನು ಅಂಗೈಯಿಂದ ಬಾಯಿ ಗಟ್ಟಿಯಾಗಿ ಮುಚ್ಕೊಂಡ. ಒಳಗೆ ಒಬ್ಬರಾದ ಮೇಲೆ ಒಬ್ಬರು ಹೂಂ ಅಂತಿದ್ರು.